ಏಪ್ರಿಲ್ ಆರರ ಉಪ್ಪು

ಕುಪ್ಪಗಡ್ಡೆ

ಮಹಾಂತೇಶ್ ಅವರಿಗೆ,

ಹಿರಿಯರ ಮುಂದೆ ರಾಜಿಯಾಗೋಣ, ಏಪ್ರಿಲ್ ಆರಕ್ಕೆ ಶಿಕಾರಿಪುರಕ್ಕೆ ಬಾ ಎಂದು ಹೇಳಿಕಳಿಸಿದ್ದೀರಿ. ಹೋದ ವರ್ಷ ಅದೇ ದಿನ ಸಾರಿಗೆ ಉಪ್ಪು ಕಡಿಮೆಯೆಂದು ತಟ್ಟೆಯನ್ನು ನನ್ನ ಮುಖಕ್ಕೆ ಎಸೆದು, "ನಡಿ ನಿಮ್ಮಪ್ಪನ ಮನಿಗೆ" ಅಂದಿರಿ. ನಿಮಗೆ ಮರೆತಿರಬೇಕು.

ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ್ದೂ ಏಪ್ರಿಲ್ ಆರರಂದೇ. ಈ ಸಲ ಅವತ್ತು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯಲ್ಲಿ ನನ್ನ ತರಗತಿಯ ಮಕ್ಕಳು ಆ ದಿನವಿಶೇಷ ಓದುತ್ತಾರೆ. ಕೇಳಿಸಿಕೊಂಡೇ ಬಸ್ಸು ಹತ್ತುತ್ತೇನೆ.

ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಸಂಬಂಧ ಮುರಿಯುತ್ತದೆಂದು ನಿಮ್ಮ ತಾಯಿ ಯಾವಾಗಲೂ ಕೆಳಗಿಡಿಸಿಯೇ ತೆಗೆದುಕೊಳ್ಳುತ್ತಿದ್ದರು. ನಾನು ಹಿರಿಯರೆಲ್ಲರ ಎದುರಿಗೆ ಒಂದು ಹಿಡಿ ಉಪ್ಪನ್ನು ನಿಮ್ಮ ಅಂಗೈಗೇ ಹಾಕುವವಳಿದ್ದೇನೆ.

ಕೈ ಚೆನ್ನಾಗಿ ಒರೆಸಿಕೊಂಡು ಬನ್ನಿ. ಒದ್ದೆ ಕೈಯಲ್ಲಿ ಉಪ್ಪು ಕರಗಿಹೋಗುತ್ತದೆ.

ಗಂಗಾಶ್ರೀ