ಮೊಳೆಯ ಸೀಸ, ಗುಂಡಿನ ಸೀಸ

॥ ಶ್ರೀ ಗುರುಬಸವಲಿಂಗಾಯ ನಮಃ ॥

ಬುವೊನಾ ವಿಸ್ಟಾ, ಸಿಂಗಪುರ
೧೪ ಸೆಪ್ಟೆಂಬರ್ ೨೦೧೪, ರವಿವಾರ

ಸೌ. ಚನ್ನಬಸವ್ವನಿಗೆ,

ಹೆಂಡತಿಗೆ ಕಾಗದ ಬರೆಯುವಾಗ ಮೊದಲು ಆಶೀರ್ವಾದ ತಿಳಿಸಬೇಕಂತೆ. ಇಷ್ಟು ವರ್ಷ ನೀನು ಬಡಿದ ರೊಟ್ಟಿ ತಿಂದು ಬದುಕಿದವನು ನಿನಗೆ ಏನೆಂದು ಆಶೀರ್ವಾದ ಮಾಡಲಿ? ನಾನು ಆರಾಮ ಇದ್ದೇನೆ, ಮಗಳು ರೋಹಿಣಿ ಆರಾಮ ಇದ್ದಾಳೆ, ನನ್ನ ಮೊಣಕಾಲು ಮಾತ್ರ ಗದುಗಿನಲ್ಲಿ ಹೇಗಿತ್ತೋ ಇಲ್ಲಿಯೂ ಹಾಗೆಯೇ ಇದೆ. ಬಂದು ಮೂರು ವಾರವಾದ ಮೇಲೆ ಬರೆಯುತ್ತಿದ್ದಾನೆಂದು ಸಿಟ್ಟಾಗಬೇಡ. ಫೋನ್ ಇದೆಯಲ್ಲ ಎನ್ನುತ್ತೀ. ಫೋನಿನಲ್ಲಿ ನಾನು "ಜಿಂಕಿ" ಅನ್ನುವಷ್ಟರಲ್ಲಿ ನೀನು "ಹಾಲು ಉಕ್ಕಾಕತ್ತೈತಿ, ಇಡ್ತೀನ್ರಿ" ಎಂದು ಇಟ್ಟೇಬಿಡುತ್ತೀ. ನಮ್ಮ ಮನೆಗೆ ಬರುವುದು ಅರ್ಧ ಲೀಟರ್ ಹಾಲು, ಅದು ದಿನಕ್ಕೆ ಎಷ್ಟು ಸಲ ಉಕ್ಕುತ್ತದೆ? ಕಾಗದವಾದರೆ ನಡುವೆ ಇಡುವಂತಿಲ್ಲ. ಚಹಾ ಮಾಡಿಕೊಂಡು ಕೂತು ಪೂರ್ತಿ ಓದು.

ನೀನು ನನ್ನನ್ನು ಯಾಕೆ ಕಳಿಸಿದಿ ಎಂಬುದು ನನಗೆ ಮರೆತಿಲ್ಲ. ಮಾರ್ಚ್ ತಿಂಗಳಲ್ಲಿ ರೋಹಿಣಿ ಇಲ್ಲಿ ತನ್ನ ಜೊತೆ ಆಫೀಸಿನಲ್ಲಿರುವ ಕ್ರೇಗ್‌ನನ್ನು ನಮಗೆ ತೋರಿಸಲು ಗದುಗಿಗೆ ಕರೆತಂದಳು. ನ್ಯೂಜಿಲ್ಯಾಂಡಿನ ಹುಡುಗ, ಚಕ್ಕಳಮಕ್ಕಳ ಹಾಕಲು ಬಾರದೆ ಒದ್ದಾಡಿ, ಕಡೆಗೆ ಕಾಲು ನೀಡಿಕೊಂಡು ಕೂತು ಮೂರು ರೊಟ್ಟಿ ತಿಂದ. ನೀನು ಖುಷಿಯಿಂದ ನಾಲ್ಕನೆಯದನ್ನು ಬಡಿಯುತ್ತ, "ನಿಮ್ಮಪ್ಪ ಏನ್ ಮಾಡ್ತಾರಪಾ?" ಎಂದು ಕೇಳಿದಿ. ಅವನು, ಪಾಪ, ಸುಳ್ಳು ಹೇಳಲು ಬಾರದವನು. ಅಪ್ಪ ರಿಟೈರ್ ಆಗಿದ್ದಾನೆ, ಗುಡ್ಡ ಹತ್ತಿ ಜಿಂಕೆ ಬೇಟೆಯಾಡುತ್ತಾನೆ, ಅದಕ್ಕೆ ಬೇಕಾದ ಗುಂಡುಗಳನ್ನೂ ಮನೆಯಲ್ಲೇ ಸೀಸ ಕಾಯಿಸಿ ಎರಕ ಹೊಯ್ಯುತ್ತಾನೆ ಎಂದುಬಿಟ್ಟ. ನಾಲ್ಕನೆಯ ರೊಟ್ಟಿ ಹಂಚಿನ ಮೇಲೆಯೇ ಸೀದುಹೋಯಿತು. ದೇವರ ಕೋಣೆಯೊಳಗಿಂದ ನಿನ್ನ ದನಿ ಬಂತು: "ಜಿಂಕಿ ಕೊಲ್ಲೋರ ಮನಿಗೆ ನನ್ನ ಮಗಳನ್ನ ಕೊಡಂಗಿಲ್ಲ. ಮದುವಿ ಮಾಡಿಕೊಂಡರ ನಾ ಬರಂಗಿಲ್ಲ." ಈಗ ಆ ಅಪ್ಪನೇ ನಮ್ಮನ್ನು ಕಾಣಲು ಸಿಂಗಪುರಕ್ಕೆ ಬರುತ್ತಾನೆಂದಾಗ, "ನೀವ ಹೋಗಿ ಬ್ಯಾಡಂತ ಹೇಳಿ ಬರ್ರಿ" ಎಂದು ನನ್ನನ್ನು ವಿಮಾನ ಹತ್ತಿಸಿದಿ. ನಾನೂ ಹಾಗೆ ಹೇಳಲೆಂದೇ ಬಂದೆ. ದಾರಿಯಲ್ಲಿ ಇಂಗ್ಲಿಷಿನ ಎರಡು ವಾಕ್ಯ ಬಾಯಿಪಾಠವನ್ನೂ ಮಾಡಿಕೊಂಡಿದ್ದೆ.

ಕ್ರೇಗ್‌ನ ಅಪ್ಪನ ಹೆಸರು ಗ್ರಹಾಂ. ನನಗಿಂತ ಒಂದು ಮೊಳ ಎತ್ತರ, ಬಿಸಿಲಿಗೆ ಕೆಂಪಾದ ದೊಡ್ಡ ಕಿವಿ. ಅವನ ಮಾತು ನನಗೆ, ನನ್ನದು ಅವನಿಗೆ ದಾಟಿಸುವ ಕೆಲಸ ರೋಹಿಣಿಯದು. ಮೊದಲ ಸಂಜೆ ನಾವು ನಾಲ್ವರೂ ಮನೆ ಹತ್ತಿರದ ಹಾಕರ್ ಸೆಂಟರ್‌ಗೆ ಹೋದೆವು. ಒಂದೇ ಸೂರಿನಡಿ ಸಾಲುಸಾಲು ತಿನಿಸಿನ ಅಂಗಡಿ, ನಡುವೆ ಟೇಬಲ್ಲುಗಳು. ದೋಸೆಯವನೂ ಇದ್ದಾನೆ, ನಾನು ಅಲ್ಲೇ ತಿಂದೆ, ಹೆದರಬೇಡ. ದೋಸೆ ಮುಗಿದದ್ದೇ ನನ್ನ ಪಾಠ ಒಪ್ಪಿಸಲು ಶುರು ಮಾಡಿದೆ. "ಯು ಮೇಕ್ ಬುಲೆಟ್" ಎಂದು ತುಸು ಜೋರಾಗಿಯೇ ಅಂದೆನೋ ಏನೋ, ಪಕ್ಕದ ಟೇಬಲ್ಲಿನ ಚೀನೀ ಅಜ್ಜ ಚಮಚ ಕೆಳಗಿಟ್ಟು ನನ್ನನ್ನೇ ನೋಡಿದ. ರೋಹಿಣಿ ನನ್ನ ಅಂಗಿಯ ತೋಳು ಎಳೆದಳು.

"ಅಪ್ಪಾ, ಪ್ಲೀಸ್. ಇಲ್ಲೆ ಬುಲೆಟ್ ಬುಲೆಟ್ ಅಂತ ಜೋರಂಗೆ ಅನಬ್ಯಾಡ. ಈ ಊರಾಗ ಒಂದ ಬುಲೆಟ್ ಕಿಸೆದಾಗ ಸಿಕ್ಕರೂ ಜೇಲು."

"ಮತ್ತೇನ್ ಅನ್ನಲಿ?"

"ಗುಂಡು ಅನ್ನು. ಯಾರಿಗೂ ತಿಳಿಯಂಗಿಲ್ಲ."

ಗ್ರಹಾಂ ಕಲಿತ ಮೊದಲ ಕನ್ನಡ ಮಾತು ಅದೇ. "ಗುಂಡೂ, ಗುಂಡೂ" ಎಂದು ಎರಡು ಸಲ ಅಂದುಕೊಂಡು, ಈ ಮಾತಿಗೆ ಇಷ್ಟೇ ಅರ್ಥವೋ ಎಂದು ಕೇಳಿದ. ರೋಹಿಣಿಗೆ ಹುರುಪು ಬಂತು. ಶರಾಬು ಕುಡಿಯುವುದಕ್ಕೂ ಗುಂಡು ಹಾಕುವುದು ಅಂತೀವಿ ಎಂದಳು. ಅವನು ತನ್ನ ಬಿಯರ್ ಗ್ಲಾಸು ಎತ್ತಿ ತೋರಿಸಿದ. ದಪ್ಪಗಿನ ಕೂಸಿಗೆ ಗುಂಡ, ರುಬ್ಬುವ ಕಲ್ಲಿಗೂ ಗುಂಡು ಎಂದಳು. "ತಾಳಿಯೊಳಗಿನ ಬಂಗಾರದ ಮಣಿಗೂ ಗುಂಡು ಅಂತೀವಿ" ಎನ್ನುವಾಗ ಅವಳ ಕೈ ತಾನಾಗಿ ಕುತ್ತಿಗೆಗೆ ಹೋಯಿತು. ಗಂಡ ತೀರಿಕೊಂಡು ಆರು ವರ್ಷವಾದರೂ ಆ ಕೈ ಇನ್ನೂ ತಾಳಿಯನ್ನು ಹುಡುಕುತ್ತದೆ. ನಾನು ಕಂಡೆ, ಕ್ರೇಗ್ ಕೂಡ ಕಂಡ. ಅವನು ಅವಳ ಗ್ಲಾಸಿಗೆ ನೀರು ಹಾಕಿದ.

ಆಮೇಲೆ ಗ್ರಹಾಂ ಕಿಸೆಗೆ ಕೈ ಹಾಕಿದ. ಗುಂಡು ತರುವಂತಿಲ್ಲ, ಅದಕ್ಕೆ ಗುಂಡಿನ ತಾಯಿಯನ್ನು ತಂದಿದ್ದೇನೆ ಎಂದು ನನ್ನ ಅಂಗೈಯಲ್ಲಿ ಒಂದು ಸಾಮಾನು ಇಟ್ಟ. ಏನಿರಬಹುದು ಹೇಳು. ಅಚ್ಚಿನ ಮೊಳೆ, ಚನ್ನೀ! ಗದುಗಿನ ನಮ್ಮ ಅಚ್ಚಿನ ಪ್ರೆಸ್ಸಿನ ಮರದ ಖಾನೆಗಳಲ್ಲಿ ಇರುತ್ತಿದ್ದಂಥ ಸೀಸದ ಮೊಳೆ, ಅದರ ತಲೆಯ ಮೇಲೆ ಇಂಗ್ಲಿಷಿನ ಆರ್ ಅಕ್ಷರ ತಿರುಗುಮುರುಗಾಗಿ. ಅವನೂರಿನ ಪತ್ರಿಕೆಯ ಪ್ರೆಸ್ಸು ಮುಚ್ಚಿದಾಗ ಮೊಳೆಗಳನ್ನೆಲ್ಲ ಇವನೇ ತೂಕಕ್ಕೆ ಕೊಂಡನಂತೆ, ಕರಗಿಸಿ ಗುಂಡು ಮಾಡಲು. ರೋಹಿಣಿಯ ಹೆಸರಿನ ಮೊದಲ ಅಕ್ಷರವೆಂದು ಇದೊಂದನ್ನು ತೆಗೆದಿಟ್ಟಿದ್ದ. ನಾನು ಉಗುರಿನಿಂದ ಕೆರೆದೆ, ಮೂಸಿದೆ, ಟೇಬಲ್ಲಿನ ಮೇಲೆ ಬೀಳಿಸಿದೆ. ಠಣ್ ಎಂದಿತು. ಗ್ರಹಾಂ ತೊಡೆ ತಟ್ಟಿ ನಕ್ಕ. ಗಟ್ಟಿ ಸೀಸವೋ ಮೆತ್ತನೆಯದೋ ಎಂದು ಅವನೂ ಹಾಗೆಯೇ ಕೆರೆದು, ಬೀಳಿಸಿ, ಕಿವಿಗೊಡುತ್ತಾನಂತೆ. ಮೊಳೆ ಎರಕ ಹೊಯ್ಯುವಾಗ ನನಗೆ, ಗುಂಡು ಹೊಯ್ಯುವಾಗ ಅವನಿಗೆ ಸೀಸ ಸಿಡಿದು ಸುಟ್ಟ ಕಲೆಗಳನ್ನು ಇಬ್ಬರೂ ಬೆರಳು ಚಾಚಿ ತೋರಿಸಿಕೊಂಡೆವು. ನನ್ನ ಹೆಂಡತಿ ಮೊಳೆ ಜೋಡಿಸುತ್ತಿದ್ದಳು, ಕೈಗೆ ಎರಡು ಸಲ ಸಬಕಾರ ಹಚ್ಚದೆ ಊಟದ ತಟ್ಟೆ ಮುಟ್ಟಗೊಡುತ್ತಿರಲಿಲ್ಲ ಎಂದೆ. ನನ್ನವಳೂ ಅದೇ ಜಾತಿ ಎಂದ. ಬಾಯಿಪಾಠ ಮಾಡಿದ ಎರಡನೆಯ ವಾಕ್ಯ ನನಗೆ ಇವತ್ತಿನವರೆಗೂ ನೆನಪಿಗೆ ಬಂದಿಲ್ಲ.

ಮರುದಿನ ರೋಹಿಣಿಯ ಅಡುಗೆಮನೆಯಲ್ಲಿ ನಮಗಿಬ್ಬರಿಗೂ ಜಗಳವೇ ಆಯಿತು. ಜಿಂಕೆಗೆ ಯಾವ ಗುಂಡು ಎಂಬುದರ ಮೇಲೆ ಜಗಳ. ನಗಬೇಡ. ಜಿಂಕೆ ಹೊಡೆಯುವುದೇ ಪಾಪ ಎಂದು ಹೇಳಬೇಕಾದವನು ನಾನು, ಆದರೆ ಸೀಸದ ಮಾತು ಬಂದರೆ ನನ್ನ ನಾಲಗೆ ನನ್ನ ಕೈಯಲ್ಲಿ ಇರುವುದಿಲ್ಲ. ಅವನು ಮೊಳೆಯ ಸೀಸಕ್ಕೆ ಅವನೂರಿನ ಹಳೆಯ ಮನೆಗಳ ಚಾವಣಿಗೆ ಹೊದಿಸಿದ್ದನ್ನು ಕಿತ್ತ ಮೆತ್ತನೆಯ ಸೀಸ ಬೆರೆಸುತ್ತಾನೆಂದು ಕೇಳಿ ನನಗೆ ಹೊಟ್ಟೆ ಉರಿಯಿತು. ಬರೀ ಮೊಳೆಯದರಿಂದಲೇ ಮಾಡು, ಕಲ್ಲಿನಂಥ ಸೀಸ ಅದು, ಮೆತ್ತನೆಯದರಲ್ಲಿ ಒಂದು ಪಂಚಾಂಗ ಅಚ್ಚು ಹಾಕುವಷ್ಟರಲ್ಲಿ ಅಕ್ಷರದ ಮೂಗು ಸವೆದುಹೋಗುತ್ತದೆ ಎಂದೆ. ನಾನು ಪಂಚಾಂಗ ಅಚ್ಚು ಹಾಕುತ್ತಿಲ್ಲ ಎಂದ ಅವನು.

ಆಮೇಲೆ ಫ್ರಿಜ್ಜಿನಿಂದ ಒಂದು ಗಡ್ಡೆ ತೋಫು ತೆಗೆದ. ತೋಫು ಅಂದರೆ ಸೋಯಾ ಹಾಲಿನ ಪನೀರು, ರುಚಿ ಇಲ್ಲ, ತಪ್ಪೂ ಇಲ್ಲ. ಅದು ಜಿಂಕೆ ಎಂದ. ಒಂದು ಗಜ್ಜರಿಯನ್ನು ಚೂಪಾಗಿ ಕೆತ್ತಿ, ಇದು ನಿನ್ನ ಮೊಳೆಯ ಗುಂಡು ಎಂದು ತೋಫಿನೊಳಗೆ ಚುಚ್ಚಿದ. ಗಜ್ಜರಿ ಈ ಕಡೆ ಹೊಕ್ಕು ಆ ಕಡೆ ಬಂತು. ತೋಫು ಹೇಗಿತ್ತೋ ಹಾಗೇ ನಿಂತಿತ್ತು, ನಡುವೆ ಒಂದು ಸಣ್ಣ ತೂತು ಅಷ್ಟೆ. ಬಳಿಕ ಚಪಾತಿಗೆ ನಾದಿಟ್ಟ ಹಿಟ್ಟಿನಲ್ಲಿ ದಪ್ಪಗಿನ ಗುಂಡು ಮಾಡಿ, ಅದರ ಮೂಗನ್ನು ಹೆಬ್ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ ಚುಚ್ಚಿದ. ಹಿಟ್ಟು ಒಳಗೇ ಅಗಲವಾಗಿ, ತೋಫು ನಿಂತಲ್ಲೇ ಬಿರಿದು ಬಿತ್ತು. ತೂಕದ ಗುಂಡು ಇರಬೇಕು, ಚಪ್ಪಟೆ ಮೂಗು ಇರಬೇಕು, ಸೀಸ ಮೆತ್ತಗಿರಬೇಕು, ಹತ್ತಿರ ಹೋಗಿಯೇ ಹೊಡೆಯಬೇಕು. ಹೋಗಲಾಗದಿದ್ದರೆ ಸುಮ್ಮನೆ ಮನೆಗೆ ಬರಬೇಕು ಎಂದ. ಪೂರ್ತಿ ಮೆತ್ತಗಾದರೆ ಬಂದೂಕಿನ ನಳಿಕೆಯೊಳಗೇ ಸವರಿಕೊಳ್ಳುತ್ತದಂತೆ, ಅದಕ್ಕೆ ಹಿಟ್ಟಿಗೆ ಉಪ್ಪು ಹಾಕಿದಷ್ಟು ಮೊಳೆಯ ಸೀಸ.

ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ಅವನು ಹಿಟ್ಟು ಉರುಳಿಸುತ್ತಲೇ ಹೇಳಿದ. ಎರಕ ಹೊಯ್ಯಲು ಕಲಿತ ಮೊದಲ ವರ್ಷ ಅವನೂ ನನ್ನ ಹಾಗೆಯೇ ಗಟ್ಟಿಯದೇ ಒಳ್ಳೆಯದೆಂದು ಬರೀ ಮೊಳೆಯ ಸೀಸದಲ್ಲಿ ಮಾಡಿದನಂತೆ. ಗುಂಡುಗಳು ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವಂತೆ. ಒಂದು ಹೆಣ್ಣು ಜಿಂಕೆಗೆ ಹೊಡೆದ. ಅದು ಒಮ್ಮೆ ಮೈ ಕೊಡವಿ, ತಲೆಯೆತ್ತಿ, ಏನೂ ಆಗದ ಹಾಗೆ ನಡೆದು ಹೋಯಿತು. ಗುರಿ ತಪ್ಪಿತು ಅಂದುಕೊಂಡ. ಮರುದಿನ ಹೊಳೆಯ ಆಚೆ ದಂಡೆಯಲ್ಲಿ ಸಿಕ್ಕಿತಂತೆ. "ಅಷ್ಟು ದೂರ ನಡೆದಿತ್ತು" ಎಂದ ಗ್ರಹಾಂ. ಕನ್ನಡದಲ್ಲಿ ಹೇಳುವಾಗ ರೋಹಿಣಿಯ ದನಿ ಸಣ್ಣದಾಯಿತು. ಅವತ್ತಿನಿಂದ ಅವನು ಬರೀ ಗಟ್ಟಿ ಸೀಸ ಮುಟ್ಟಿಲ್ಲ.

ಕೊಲ್ಲುವುದೇ ಬೇಡ ಅಂತೀನಿ ನಾನು, ಎಂದೆ. ನಿನ್ನ ಹೆಸರಿನಲ್ಲೂ ಹೇಳಿದೆ. ಅವನ ಊರಿನ ಗುಡ್ಡಗಳಿಗೆ ಜಿಂಕೆಯನ್ನು ಹೊರಗಿನಿಂದ ತಂದು ಬಿಟ್ಟದ್ದಂತೆ, ತಿನ್ನುವ ಹುಲಿ ಚಿರತೆ ಇಲ್ಲ, ಅವು ಕಾಡಿನ ಚಿಗುರನ್ನೆಲ್ಲ ಮೇಯುತ್ತವೆ ಎಂದ. ಆದರೂ ನಿನ್ನ ಹೆಂಡತಿಗೆ ನನ್ನ ಮೇಲೆ ಸಿಟ್ಟು ಬಂದದ್ದು ಸರಿಯೇ ಎಂದ. ನಾನು ಅವನ ಮಾತು ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಆದರೆ ಒಂದು ಪ್ರಾಣಿಗೆ ಸಂಕಟವಾಗಬಾರದೆಂದು ಇಷ್ಟು ತಲೆ ಕೆಡಿಸಿಕೊಳ್ಳುವವನ ಮನೆಯಲ್ಲಿ ನಮ್ಮ ಮಗಳಿಗೆ ಯಾರು ಸಂಕಟ ಕೊಡುತ್ತಾರೆ? ನೀನೇ ಹೇಳು.

ಆ ರಾತ್ರಿಯ ಊಟದ್ದು ಕೇಳು. ಒಡೆದ ತೋಫನ್ನು ಚೆಲ್ಲಬಾರದೆಂದು ಕ್ರೇಗ್ ಅದಕ್ಕೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟು ಪಲ್ಯ ಮಾಡಿದ. ರೋಹಿಣಿ ಕಲಿಸಿದ್ದಾಳೆ. ಚೂಪು ಗಜ್ಜರಿಯೂ ಅದರೊಳಗೇ ಹೋಯಿತು. ನಾನು ಒಂದು ತುತ್ತು ಬಾಯಿಗಿಟ್ಟು, "ಅಂತೂ ಸಾಯೋದರಾಗ ಒಂದು ಜಿಂಕಿ ತಿಂದಂಗಾತು" ಎಂದೆ. ರೋಹಿಣಿ ನಕ್ಕಳು ನೋಡು. ನಕ್ಕು ನಕ್ಕು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು, ಕಣ್ಣಲ್ಲಿ ನೀರು. ಈ ಆರು ವರ್ಷದಲ್ಲಿ ಅವಳು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಕ್ರೇಗ್ ಸೌಟು ಹಿಡಿದುಕೊಂಡು ಅವಳನ್ನೇ ನೋಡುತ್ತ ನಿಂತಿದ್ದ. ಆ ಮುಖ ನೋಡಿದ ಮೇಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನು ಹೂಂ ಅಂದಿದ್ದೇನೆ. ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು.

ದೀಪಾವಳಿ ಆದ ಮೇಲೆ ಇಲ್ಲಿಯೇ ಸಣ್ಣದಾಗಿ ಮದುವೆ. ರೋಹಿಣಿ ನಿನ್ನ ಟಿಕೆಟ್ ಬುಕ್ ಮಾಡಿದ್ದಾಳೆ. ಬರುವಾಗ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತಾ. ಗ್ರಹಾಂನ ಹೆಂಡತಿಗೂ ಬೇಕಂತೆ. ನಮ್ಮ ಬೀಗರು ಇಲ್ಲಿರುವಷ್ಟು ದಿನ ರೋಹಿಣಿಯ ಮನೆಯಲ್ಲಿ ನಮ್ಮ ಊಟವನ್ನೇ ಮಾಡುವುದಾಗಿ ಮಾತು ಕೊಟ್ಟಿದ್ದಾರೆ. ನಮ್ಮ ಬೀಗರು ಎಂದು ಬರೆದೇಬಿಟ್ಟೆ, ನೋಡು.

ಗುರುಬಸವಣ್ಣ ನಿನ್ನನ್ನು ಚೆನ್ನಾಗಿಟ್ಟಿರಲಿ, ನೀನೂ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿರು. ಮೇಲೆ ಆಶೀರ್ವಾದ ಬಾಕಿ ಇಟ್ಟಿದ್ದೆನಲ್ಲ, ಇಲ್ಲಿ ತೀರಿಸಿದ್ದೇನೆ.

ನಿನ್ನ,
ಈರಬಸಪ್ಪ

ತಾ. ಕ.: ಕಾಗದ ಮಡಿಚುವಾಗ ರೋಹಿಣಿ ಬಂದು ಪಕ್ಕದಲ್ಲಿ ಕೂತಳು. "ಅಪ್ಪಾ, ಜಿಂಕಿ ಸುದ್ದಿ ಎಷ್ಟ ಬರದರೂ ಅವ್ವ ಬರಂಗಿಲ್ಲ. ಅವ್ವಗ ಜಿಂಕಿ ಚಿಂತಿ ಇಲ್ಲ. ಶಿವ್ಯಾನ ಚಿಂತಿ ಐತಿ" ಎಂದಳು. ಅದು ನನಗೂ ಗೊತ್ತಿತ್ತು. ಶಿವಯೋಗೀಶ ನಮಗೆ ಅಳಿಯನಾದದ್ದು ಆಮೇಲೆ. ತಾಯಿಯಿಲ್ಲದ ಕೂಸು, ನಿನ್ನ ಅಣ್ಣನ ಮಗ, ನಿನ್ನ ಮಡಿಲಲ್ಲೇ ಬೆಳೆದವನು. ಅವನಿಗೆ ಮಗಳನ್ನು ಕೊಟ್ಟು, ಇಬ್ಬರೂ ನನ್ನ ಕಣ್ಣೆದುರೇ ಉಳಿದರು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದಿ. ಜ್ವರ ಅವನನ್ನು ಒಯ್ದ ದಿನ ಮನೆಯವರೆಲ್ಲ ಅಳುತ್ತಿದ್ದರೆ ನೀನು ಬಂದವರಿಗೆಲ್ಲ ರೊಟ್ಟಿ ಬಡಿದಿ. ಗಟ್ಟಿಗಿತ್ತಿ ಎಂದರು ಜನ. ನಾನೂ ಹಾಗೇ ಅಂದುಕೊಂಡೆ. ಗ್ರಹಾಂ ಆ ಜಿಂಕೆ ಏನೂ ಆಗದ ಹಾಗೆ ನಡೆದು ಹೋಯಿತು ಎಂದಾಗ ನನಗೆ ನೀನು ನೆನಪಾದಿ. ಆರು ವರ್ಷ ನಡೆದಿದ್ದೀ ಚನ್ನೀ, ಸಾಕು.

ಶಿವ್ಯಾ ಕಟ್ಟಿದ್ದ ರೋಹಿಣಿಯ ತಾಳಿಯ ಎರಡು ಗುಂಡು ನಿನ್ನ ಟ್ರಂಕಿನಲ್ಲಿವೆ. ಅವನ್ನು ತರಬೇಕಂತೆ. "ಕರಗಸೂದು ಬ್ಯಾಡ. ಹೊಸಾ ತಾಳ್ಯಾಗ ಅವನ್ನ ಹಂಗ ಪೋಣಸಬೇಕು, ಅವ್ವನ ಕೈಲೆ. ಕ್ರೇಗ್ ಹೂಂ ಅಂದಾನ" ಎಂದಳು. ಸೆರಗಿನ ತುದಿಗೆ ಕಟ್ಟಿಕೊಂಡು ಬಾ. ಏರ್‌ಪೋರ್ಟಿನಲ್ಲಿ ಕೇಳಿದರೆ ಗುಂಡು ಅನ್ನಬೇಡ, ಬಂಗಾರ ಅನ್ನು. ಇಲ್ಲಿಗೆ ಬಂದ ಮೇಲೆ ರೊಟ್ಟಿ ನಾನು ಬಡಿಯುತ್ತೇನೆ, ನೀನು ಕೂತು ಅಳು.