ಗೊತ್ತಿಲ್ಲ ಎಂದವರನ್ನೇ ಆರಿಸಿದೆವು

ಜೂನ್ ೧೧, ಮಂಗಳವಾರ

ದುಃಖ ಹೇಳಿಕೊಳ್ಳಲು ಯಾರ ಹತ್ತಿರ ಹೋಗುವುದೆಂಬ ಚಿಂತೆ ಇವತ್ತಿಗೆ ಮುಗಿಯಿತು. ಮಗು ಹೊಟ್ಟೆಯಲ್ಲೇ ತೀರಿಕೊಂಡು ಏಳು ತಿಂಗಳಾದರೂ ಮನೆಯಲ್ಲಿ ನಾನಾಗಲಿ ನನ್ನ ಗಂಡನಾಗಲಿ ಅದರ ಬಗ್ಗೆ ಒಬ್ಬರಿಗೊಬ್ಬರು ಬಾಯಿಬಿಟ್ಟಿರಲಿಲ್ಲ. ಮೊದಲು ನೋಡಿದ ಚರ್ಚಿನ ಸಮಾಲೋಚಕರು ಬೈಬಲ್ ತೆರೆಯದೆಯೇ, "ನಂಬಿಕೆ ಗಟ್ಟಿಯಿದ್ರೆ ಅಳು ಬರಲ್ಲ" ಅಂದಿದ್ದರು. ಆಮೇಲೆ ನಮ್ಮ ಮನೆಯವರು, ಇವರು, ಮರಗೆಲಸದ ಶೆಡ್ಡಿನಲ್ಲೇ ಹೊತ್ತು ಕಳೆಯತೊಡಗಿದರು.

ಇವತ್ತು ನೋಡಿದ ಸಮಾಲೋಚಕಿ ನಿವೃತ್ತ ನರ್ಸ್. ಕೂತ ತಕ್ಷಣ ಇವರು ಕೇಳಿಬಿಟ್ಟರು: "ಇದು ನಮ್ಮ ಪಾಪಕ್ಕೆ ಶಿಕ್ಷೆನಾ, ಅಮ್ಮಾ?"

"ಅಲ್ಲಪ್ಪ. ಮಕ್ಕಳನ್ನ ಕಳಕೊಂಡು ನೊಂದವನಿಗೆ ಹಾಗಂದ ಗೆಳೆಯರನ್ನ ದೇವರೇ ಗದರಿಸಿದ್ದು ಇದರಲ್ಲಿದೆ, ನೋಡು." ಆಕೆ ಬೈಬಲ್ ಬಿಡಿಸಿ ಇವರ ಮುಂದಿಟ್ಟರು.

"ಮತ್ತೆ ಯಾಕೆ ಹೀಗಾಯ್ತು?"

"ಅದು ನಂಗೊತ್ತಿಲ್ಲ. ಗೊತ್ತು ಅಂದ್ರೆ ಸುಳ್ಳಾಗುತ್ತೆ."

ಇವರು ಆ ಪುಟ ಓದುತ್ತಾ ಓದುತ್ತಾ ಅತ್ತುಬಿಟ್ಟರು. ಇವರು ಅತ್ತಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಕೈ ಹಿಡಿದೆ, ಬಿಡಿಸಿಕೊಳ್ಳಲಿಲ್ಲ.

ಮೆಟ್ಟಿಲಿಳಿಯುವಾಗ, "ಇವರೇ ಸರಿ ಕಣೇ" ಅಂದರು. ಊಟಕ್ಕೆ ಕೂತಾಗ ಮಗುವಿಗೆಂದು ಮಾಡತೊಡಗಿ ಅರ್ಧಕ್ಕೆ ನಿಲ್ಲಿಸಿದ್ದ ತೊಟ್ಟಿಲಿನ ಮಾತನ್ನು ತಾವೇ ಎತ್ತಿದರು: "ಒಂದು ಪಟ್ಟಿ ಹೊಡೆಯೋದು ಬಾಕಿಯಿದೆ. ಮುಗಿಸ್ಲಾ?"

"ಮುಗಿಸಿ" ಅಂದೆ.

ಈಗ ಪಕ್ಕದಲ್ಲಿ ಇವರ ಗೊರಕೆ ಶುರುವಾಗಿದೆ. ಎಷ್ಟೋ ದಿನದ ಮೇಲೆ ಆ ಸದ್ದು ಕಿವಿಗೆ ಹಿತವಾಗಿ ಕೇಳಿಸುತ್ತಿದೆ.