ತೊಟ್ಟಿಲ ಹಗ್ಗ

ಬಾಗೂರು
12-6-2025, ಗುರುವಾರ

ಪ್ರೀತಿಯ ಲಕ್ಕಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಬಾಣಂತಿ ಪ್ರತಿಭಾಳಿಗೆ ಹಾಲು ಸಾಲುತ್ತಿದೆಯಾ? ಕೂಸಿಗೆ ಸಾಂಬ್ರಾಣಿ ಹೊಗೆ ಹಾಕುವಾಗ ಕೆಂಡ ದೂರ ಇಡು, ಕಿಡಿ ಸಿಡಿದರೆ ಏನು ಗತಿ ಅಂತ ನನಗೆ ಇಲ್ಲಿಂದಲೇ ಎದೆ ಹೊಡೆದುಕೊಳ್ಳುತ್ತದೆ. ನಾವೆಲ್ಲ ಚೆನ್ನಾಗಿದ್ದೇವೆ. ಫೋನಿರುವಾಗ ಇವಳೇಕೆ ಕಾಗದ ಬರೆದಳು ಅಂತ ಗಾಬರಿಯಾಗಬೇಡ. ನಿನ್ನ ದನಿ ಕೇಳಿದರೆ ನನ್ನ ಬಾಯಿಗೆ ‘ಹೂಂ’ ಬಿಟ್ಟು ಬೇರೆ ಬರುವುದಿಲ್ಲ. ಭಾನುವಾರವೂ ಹಾಗೇ ಆಯಿತು. ‘ನಿನ್ ಮಗಳ್ನ ಎಲ್ಡ್ ತಿಂಗ್ಳು ಕಳ್ಸೇ, ಕೂಸು ನೋಡ್ಕಳಾಕೆ ಜನ ಇಲ್ಲ’ ಅಂದೆ ನೀನು. ನಾನು ‘ಹೂಂ ಕಣಕ್ಕ’ ಅಂದುಬಿಟ್ಟೆ. ಶಿವರಂಜನಿ ಈ ವರ್ಷ ಎಸ್ಸೆಸ್ಸೆಲ್ಸಿ ಅನ್ನುವುದು ಗಂಟಲಲ್ಲೇ ಉಳಿಯಿತು.

ಫೋನಿಟ್ಟು ಅವಳಿಗೆ ಹೇಳಿದೆ. ಜಗಳ ಆಡುತ್ತಾಳೆ ಅಂದುಕೊಂಡಿದ್ದೆ. ಮುಖ ತೋರಿಸದೆ ಬ್ಯಾಗಿಗೆ ಬಟ್ಟೆ ತುಂಬುತ್ತಾ, ‘ಪರೀಕ್ಷೆ ಮುಂದಿನ್ ವರ್ಷ ಬರುದ್ರಾಯ್ತು ಬುಡವ್ವ’ ಅಂದಳು. ನಿನಗೆ ನೆನಪಿದೆಯಾ ಅಕ್ಕ? ಅವ್ವ ಸತ್ತು ವರ್ಷ ತುಂಬುವ ಮೊದಲೇ ನೀನು ಪ್ರತಿಭಾಳನ್ನು ಹೆತ್ತೆ. ಬಾಣಂತನಕ್ಕೆ ಯಾರೂ ಇಲ್ಲವೆಂದು ಏಳನೇ ಕ್ಲಾಸು ಬಿಡಿಸಿ ನನ್ನನ್ನು ಅರಕಲಗೂಡಿಗೆ ಕರೆಸಿಕೊಂಡೆ. ಕೈ ಅಕ್ಕಿ ಆರಿಸಲಿ, ಕಾಲು ತೂಗಲಿ ಅಂತ ತೊಟ್ಟಿಲಿನ ಹಗ್ಗವನ್ನು ನನ್ನ ಕಾಲ್ಬೆರಳಿಗೆ ಕಟ್ಟುತ್ತಿದ್ದೆ. ನಮ್ಮ ವಿಮಲಕುಮಾರ ಮೇಷ್ಟ್ರು ಎರಡು ಬಸ್ಸು ಹತ್ತಿ ನನ್ನನ್ನು ವಾಪಸು ಕರೆಯಲು ಬಂದರಲ್ಲ, ಅವತ್ತು ನೀನು ‘ಇವ್ಳಿಗೆ ಓದು ತಲೆಗತ್ತಾಕಿಲ್ಲ ಸಾ, ಬೇಕಾರೆ ಅವ್ಳನ್ನೇ ಕೇಳಿ’ ಅಂದೆ. ಅವರು ನನ್ನ ಕಡೆ ತಿರುಗಿದರು. ‘ಮುಂದಿನ್ ವರ್ಷ ಬತ್ತೀನಿ ಸಾ’ ಅಂದೆ ನಾನು, ಕೂಸು ಏಳುತ್ತದೆಂದು ಮೆಲ್ಲಗೆ. ನೀನು ಕೊಟ್ಟ ಕಾಫಿಯನ್ನೂ ಕುಡಿಯದೆ ಅವರು ಹೊರಟುಹೋದರು.

ಇಷ್ಟು ವರ್ಷ ಪಾತ್ರೆ ಉಜ್ಜುವಾಗಲೆಲ್ಲ ಮನಸ್ಸಿನಲ್ಲಿ ನಿನ್ನನ್ನು ಬೈದಿದ್ದೇನೆ. ಮೊನ್ನೆಯಿಂದ ಎಲ್ಲವನ್ನೂ ಮತ್ತೆ ಮತ್ತೆ ನೆನೆಯುತ್ತಿದ್ದೇನೆ. ನಿನಗೂ ಆಗ ಹತ್ತೊಂಬತ್ತೇ ವರ್ಷ. ಎದೆಹಾಲು ಕಟ್ಟಿಕೊಂಡು ಜ್ವರ ಬಂದು ‘ಅವ್ವಾ’ ಅಂತ ನೀನು ಗೋಡೆಗೆ ತಿರುಗಿ ಅಳುತ್ತಿದ್ದುದನ್ನು ನೋಡಿದವಳು ನಾನೊಬ್ಬಳೇ. ಸಿಟ್ಟು ಪೂರ್ತಿ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಈಗ ಮಗಳನ್ನು ಕಳಿಸಿಬಿಟ್ಟರೆ ಈ ಸಲದ ತಪ್ಪು ನನ್ನದೇ ಆಗುತ್ತದೆ. ಇವತ್ತಿಗೂ ಕೂತಲ್ಲಿ ನನ್ನ ಕಾಲ್ಬೆರಳು ತಾನಾಗಿ ಆಡುತ್ತದೆ. ‘ಯಾವ್ ಕೂಸು ತೂಗ್ತಿದ್ದೀಯವ್ವಾ?’ ಅಂತ ರಂಜನಿ ಗೇಲಿ ಮಾಡುತ್ತಾಳೆ. ನಿನ್ನೆ ಮೊದಲ ಸಲ ಎಲ್ಲ ಹೇಳಿದೆ. ಅವಳು ನಗಲಿಲ್ಲ. ನನ್ನ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು ಆ ಬೆರಳನ್ನು ನೀವಿದಳು.

ಕೋಪ ಮಾಡಿಕೊಳ್ಳಬೇಡ ಅಕ್ಕ. ಮಾಡಿಕೊಂಡರೂ ಊಟ ಬಿಡಬೇಡ, ನಿನಗೆ ಶುಗರ್ ಇದೆ. ಭಾವನಿಗೆ ನಮಸ್ಕಾರ ಹೇಳು, ಕೂಸಿಗೆ ದೃಷ್ಟಿ ತೆಗೆ. ಬರೆದದ್ದರಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನಿನ್ನ ತಂಗಿ,
ಸುಬ್ಬಮ್ಮ

ವಿ.ಸೂ.: ಪಕ್ಕದ ಮನೆಯ ರುದ್ರೇಶ ನಿಮ್ಮೂರಿಗೇ ಹೊರಟು ಬಾಗಿಲಲ್ಲಿ ನಿಂತಿದ್ದಾನೆ, ಅವನ ಕೈಲೇ ಕಳಿಸುತ್ತಿದ್ದೇನೆ. ರಂಜನಿ ಬರುವುದಿಲ್ಲ. ಸೋಮವಾರ ನಾನೇ ಬರುತ್ತೇನೆ, ಎರಡು ತಿಂಗಳೂ ಇರುತ್ತೇನೆ. ಹಗ್ಗ ಮಾತ್ರ ಕಾಲಿಗೆ ಕಟ್ಟಬೇಡ. ಕೈಯಲ್ಲೇ ತೂಗುತ್ತೇನೆ.